ನಾಲ್ಕು ಕೋರ್ ಪ್ರೊಸೆಸರಿನ ಓವರ್‌ಕ್ಲಾಕಿಂಗ್: ಒಂದು ಪಾಠ, ಒಂದು ಮರುಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಕಾಡುಗೋಡಿಯ ಒಂದು ಪ್ರೌಢಶಾಲೆಯ ಹತ್ತನೇ ತರಗತಿಗೆ ನಾನು ಮಾಡಿದ ಪಾಠದ ವರದಿ ಇದು. ಈ ಪಾಠವನ್ನು ಎರಡು ಸಲ ಮಾಡಬೇಕಾಯಿತು. ಮೊದಲ ಸಲ ವೀಕ್ಷಣಾ ನಮೂನೆಯಲ್ಲಿ ಒಳ್ಳೆಯ ಅಭಿಪ್ರಾಯವೇ ಬಂತು. ಆದರೆ ಅದೇ ಪಾಠದ ಫಲವಾಗಿ ಒಬ್ಬ ವಿದ್ಯಾರ್ಥಿಯ ಮನೆಯ ಕಂಪ್ಯೂಟರ್ ನಾಲ್ಕು ದಿನ ಆನ್ ಆಗಲಿಲ್ಲ. ಎರಡನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ವಿಷಯದ ಆಯ್ಕೆ

‘ವಿದ್ಯುಚ್ಛಕ್ತಿ’ ಘಟಕದಲ್ಲಿ ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮಕ್ಕೆ ಇಸ್ತ್ರಿಪೆಟ್ಟಿಗೆ, ಗೀಸರ್, ಫ್ಯೂಸ್ ಇವುಗಳ ಉದಾಹರಣೆ ಕೊಡುವುದು ರೂಢಿ. ಕಾಡುಗೋಡಿಯ ಮಕ್ಕಳಿಗೆ ಕಂಪ್ಯೂಟರೂ ಅಷ್ಟೇ ಹತ್ತಿರದ ವಸ್ತು. ಹಲವರ ತಂದೆ ತಾಯಿ ಸುತ್ತಲಿನ ಐಟಿ ಪಾರ್ಕುಗಳಲ್ಲಿ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್ ಕೆಲಸದಲ್ಲಿದ್ದಾರೆ. ಕೆಲವರ ಮನೆಯಲ್ಲಿ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ಇದೆ. ಜೂಲ್ ನಿಯಮ ಮುಗಿಸಿದ ದಿನ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಮಿಸ್, ಓವರ್‌ಕ್ಲಾಕ್ ಮಾಡಿದ್ರೆ ಗೇಮ್ ಫಾಸ್ಟ್ ಆಗುತ್ತಂತೆ, ಹೌದಾ?” ಆ ಪ್ರಶ್ನೆಯನ್ನೇ ಘಟಕದ ವಿಸ್ತರಣಾ ಪಾಠವಾಗಿ ಯೋಜಿಸಿದೆ.

ಅವಧಿ: 40 ನಿಮಿಷದ ಎರಡು ತರಗತಿಗಳು.

ಪೂರ್ವಜ್ಞಾನ: ಆವೃತ್ತಿ ಮತ್ತು ಹರ್ಟ್ಸ್ (ಒಂಬತ್ತನೇ ತರಗತಿಯ ಶಬ್ದದ ಪಾಠ), ವಿಭವಾಂತರ, ವಿದ್ಯುತ್ ಸಾಮರ್ಥ್ಯ.

ಕಲಿಕಾ ಉದ್ದೇಶಗಳು: ಪ್ರೊಸೆಸರಿನ ವೇಗ ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಹೇಳುವುದು, ವೇಗ ಮತ್ತು ವೋಲ್ಟೇಜ್ ಏರಿದಾಗ ಶಾಖ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕುವುದು, ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ ಫಲಿತಾಂಶ ದಾಖಲಿಸುವುದು.

ಸಾಮಗ್ರಿ: ನನ್ನ ಅಣ್ಣನ ಹಳೆಯ ಡೆಸ್ಕ್‌ಟಾಪ್. ಅದರಲ್ಲಿರುವುದು 2007ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600. ನಾಲ್ಕು ಕೋರ್, 2.4 ಗಿಗಾಹರ್ಟ್ಸ್. ಕಚೇರಿಗಳಿಂದ ಹೊರಬರುವ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಈ ಬದಲಾವಣೆಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಇದು ಬಿಡಿಭಾಗ ಜೋಡಿಸಿ ಮಾಡಿದ ಯಂತ್ರವಾದ್ದರಿಂದ ಅನುಕೂಲವಾಯಿತು.

ಮೊದಲ ಪಾಠ

ತೊಡಗಿಸಿಕೊಳ್ಳುವಿಕೆ: “ನಾಲ್ಕು ಕೋರ್, ಒಂದೊಂದೂ 2.4. ಒಟ್ಟು ವೇಗ ಎಷ್ಟು?” ಎಂದು ಕೇಳಿದೆ. ತರಗತಿಯ ಬಹುಪಾಲು ಮಕ್ಕಳು “9.6” ಎಂದರು. ಇದು ಬಹಳ ಸಾಮಾನ್ಯವಾದ ತಪ್ಪು ಕಲ್ಪನೆ. ನಮ್ಮ ರೈಲು ನಿಲ್ದಾಣದ ಟಿಕೆಟ್ ಕೌಂಟರನ್ನು ಉದಾಹರಣೆಗೆ ತೆಗೆದುಕೊಂಡೆ. ನಾಲ್ಕು ಕೌಂಟರ್ ತೆರೆದಿವೆ, ಒಂದೊಂದರಲ್ಲೂ ನಿಮಿಷಕ್ಕೆ ಒಂದು ಟಿಕೆಟ್. ಒಟ್ಟು ನಾಲ್ಕು ಜನಕ್ಕೆ ಟಿಕೆಟ್ ಸಿಗುತ್ತದೆ, ಆದರೆ ನಿಮ್ಮೊಬ್ಬರ ಟಿಕೆಟ್ 15 ಸೆಕೆಂಡಿಗೆ ಬರುವುದಿಲ್ಲ. ಕೋರ್ ಹೆಚ್ಚಿಸುವುದೆಂದರೆ ಕೌಂಟರ್ ಹೆಚ್ಚಿಸಿದಂತೆ. ಓವರ್‌ಕ್ಲಾಕ್ ಎಂದರೆ ಪ್ರತಿ ಕೌಂಟರಿನವರೂ ಬೇಗ ಕೈ ಆಡಿಸುವಂತೆ ಮಾಡುವುದು.

ಅನ್ವೇಷಣೆ: ಈ ಪ್ರೊಸೆಸರಿನ ವೇಗ ಎರಡು ಸಂಖ್ಯೆಗಳಿಂದ ಬರುತ್ತದೆ. ಮದರ್‌ಬೋರ್ಡಿನ ಬಸ್ ಆವೃತ್ತಿ 266 ಮೆಗಾಹರ್ಟ್ಸ್, ಗುಣಕ 9. ಗುಣಕವನ್ನು 9ಕ್ಕಿಂತ ಮೇಲೆ ಏರಿಸದಂತೆ ಕಂಪನಿಯೇ ಬಿಗಿ ಮಾಡಿದೆ. ಹಾಗಾಗಿ ಏರಿಸಲು ಉಳಿದದ್ದು ಬಸ್ ಆವೃತ್ತಿ ಮಾತ್ರ. 280, 300, 320, 333 ಎಂದು ಬಸ್ ಆವೃತ್ತಿಯನ್ನು ಕಪ್ಪುಹಲಗೆಯಲ್ಲಿ ಬರೆದೆ. ಮಕ್ಕಳು ಗುಣಿಸಿ 2520, 2700, 2880, 2997 ಎಂದು ತುಂಬಿದರು. ಕೊನೆಯದು ಸುಮಾರು 3 ಗಿಗಾಹರ್ಟ್ಸ್. ಯಂತ್ರವನ್ನು ಮತ್ತೆ ಆನ್ ಮಾಡಿ ಬಯಾಸ್ ಪರದೆಯಲ್ಲಿ ಪ್ರತಿ ಹೆಜ್ಜೆಯನ್ನೂ ತೋರಿಸಿದೆ. ಪ್ರತಿ ಹೆಜ್ಜೆಯ ನಂತರ ಪ್ರೈಮ್95 ಎಂಬ ಲೆಕ್ಕದ ತಂತ್ರಾಂಶದಿಂದ ನಾಲ್ಕೂ ಕೋರ್‌ಗಳಿಗೆ ಪೂರ್ಣ ಕೆಲಸ ಕೊಟ್ಟು, ಕೋರ್ ಟೆಂಪ್ ತೋರಿಸಿದ ತಾಪವನ್ನು ಮಕ್ಕಳೇ ಬರೆದುಕೊಂಡರು. ಯಾವುದೇ ಕೋರ್ 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಿಲ್ಲಿಸುವುದೆಂದು ಮೊದಲೇ ನಿಯಮ ಮಾಡಿದ್ದೆವು. ತರಗತಿಯಲ್ಲಿ ಪ್ರತಿ ಹೆಜ್ಜೆಗೆ ಕೆಲವೇ ನಿಮಿಷ ಸಿಕ್ಕಿತು. ಯಂತ್ರ ಸ್ಥಿರವಾಗಿದೆ ಎನ್ನಲು ಗಂಟೆಗಟ್ಟಲೆ ಪರೀಕ್ಷೆ ಬೇಕು ಎಂಬುದನ್ನೂ ಹೇಳಿದೆ.

ವಿವರಣೆ: ಎಷ್ಟು ಬೇಕಾದರೂ ಏಕೆ ಏರಿಸಲಾಗದು? ಅಳತೆಪಟ್ಟಿಯೇ ಉತ್ತರ ಕೊಟ್ಟಿತು. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂ.ಮೀ. ಸಾಗುತ್ತದೆ, ಅಂದರೆ ಒಂದು ಅಳತೆಪಟ್ಟಿಯಷ್ಟು. 2.4 ಗಿಗಾಹರ್ಟ್ಸ್‌ನ ಒಂದು ಗಡಿಯಾರ ಬಡಿತದಲ್ಲಿ ಅದು 12.5 ಸೆಂ.ಮೀ., 3 ಗಿಗಾಹರ್ಟ್ಸ್‌ನಲ್ಲಿ 10 ಸೆಂ.ಮೀ. ಮಾತ್ರ. ಚಿಪ್ಪಿನೊಳಗಿನ ಸಂಕೇತಗಳು ಬೆಳಕಿಗಿಂತ ನಿಧಾನ. ಜೊತೆಗೆ ಹಲವು ಟ್ರಾನ್ಸಿಸ್ಟರ್‌ಗಳು ಒಂದರ ನಂತರ ಒಂದು ಬದಲಾಗಿ ಮುಗಿಯುವ ಮೊದಲೇ ಮುಂದಿನ ಬಡಿತ ಬಂದರೆ ಉತ್ತರ ತಪ್ಪಾಗುತ್ತದೆ. ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರ್ ಬೇಗ ಬದಲಾಗುತ್ತದೆ, ಆದರೆ ಶಾಖವೂ ಏರುತ್ತದೆ.

ಇಲ್ಲಿ ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ಪ್ರವಾಹದ ವರ್ಗ × ರೋಧ × ಕಾಲ ಎಂಬ ಸೂತ್ರವನ್ನು ನೇರವಾಗಿ ಪ್ರೊಸೆಸರಿಗೆ ಹಚ್ಚಿದರೆ ಲೆಕ್ಕ ಕೂಡುವುದಿಲ್ಲ. ಪ್ರತಿ ಬಡಿತಕ್ಕೂ ಚಿಪ್ಪಿನೊಳಗೆ ಸೂಕ್ಷ್ಮ ವಿದ್ಯುದಾವೇಶ ತುಂಬಿ ಖಾಲಿಯಾಗುತ್ತದೆ. ಹೀಗೆ ಖರ್ಚಾಗುವ ಸಾಮರ್ಥ್ಯ ಆವೃತ್ತಿಗೆ ಅನುಪಾತದಲ್ಲಿ ಮತ್ತು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ವೋಲ್ಟೇಜ್ ಬದಲಿಸದೆ 2.4ರಿಂದ 3ಕ್ಕೆ ಹೋದರೆ 1.25 ಪಟ್ಟು. ಜೊತೆಗೆ ವೋಲ್ಟೇಜನ್ನು 1.25ರಿಂದ 1.35ಕ್ಕೆ ಏರಿಸಿದರೆ ಇನ್ನೂ 1.166 ಪಟ್ಟು, ಒಟ್ಟು ಸುಮಾರು 1.46 ಪಟ್ಟು. ವೇಗ ಏರಿದ್ದು ಶೇ. 25, ಶಾಖ ಏರಿದ್ದು ಶೇ. 46. ಈ ಲೆಕ್ಕವನ್ನು ಹಲಗೆಯ ಮೇಲೆ ಮಾತ್ರ ಮಾಡಿದೆವು, ಯಂತ್ರದ ವೋಲ್ಟೇಜನ್ನು ಮುಟ್ಟಲಿಲ್ಲ.

ವಿಸ್ತರಣೆ: 2011ರ ಕೋರ್ ಐ5-2500ಕೆ ಕೂಡ ನಾಲ್ಕು ಕೋರಿನದೇ. ಅದರ ಮೂಲ ಆವೃತ್ತಿ 100 ಮೆಗಾಹರ್ಟ್ಸ್, ಗುಣಕ 33. ಅದರಲ್ಲಿ ಗುಣಕವನ್ನೇ ಏರಿಸಬಹುದು. 2008ರ ಸೆಪ್ಟೆಂಬರಿನಲ್ಲಿ ಬಂದ ಆರು ಕೋರಿನ ಜಿಯಾನ್ 7400 ಪ್ರೊಸೆಸರಿನಲ್ಲಿ 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು, ಅದರ ವಿನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ ಎಂದಾಗ ಮಕ್ಕಳು ಮುಖ ಮುಖ ನೋಡಿಕೊಂಡರು.

ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ಅದು ಗುರುವಾರ.

ಸೋಮವಾರ

ಎಂದೂ ಸುಮ್ಮನಿರದ ಒಬ್ಬ ಹುಡುಗ ಸೋಮವಾರ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಬೆಲ್ ಆದ ಮೇಲೆ ಬಂದು, “ಮಿಸ್, ನೀವು ಮಾಡಿದ ಹಾಗೇ ಮಾಡ್ದೆ. 280 ಬಂತು. 300 ಹಾಕ್ದೆ, ಸ್ಕ್ರೀನೇ ಬರ್ತಿಲ್ಲ” ಎಂದ. ನೋಟ್ ಪುಸ್ತಕ ತೋರಿಸಿದ. ನಾನು ತೋರಿಸಿದ ಒಂದೊಂದು ಹೆಜ್ಜೆಯೂ ಕ್ರಮವಾಗಿ ಅದರಲ್ಲಿತ್ತು. ಅವನು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪು ಇದ್ದದ್ದು ನನ್ನ ತಯಾರಿಯಲ್ಲಿ. ಬಸ್ ಆವೃತ್ತಿ ಏರಿಸಿದರೆ ಪ್ರೊಸೆಸರ್ ಮಾತ್ರವಲ್ಲ, ಅದಕ್ಕೆ ಜೋಡಿಸಿದ ರ‍್ಯಾಮ್ ಕೂಡ ವೇಗವಾಗುತ್ತದೆ. ಡಿಡಿಆರ್2-800 ರ‍್ಯಾಮ್ 400 ಮೆಗಾಹರ್ಟ್ಸ್‌ಗೆ ತಯಾರಾದದ್ದು. ಬಸ್ಸಿಗೂ ರ‍್ಯಾಮಿಗೂ 2:3 ಅನುಪಾತವಿದ್ದರೆ 266ಕ್ಕೆ ಸರಿಯಾಗಿ 400 ಬರುತ್ತದೆ. 280ಕ್ಕೆ 420, 300ಕ್ಕೆ 450. ಅದಕ್ಕೇ ಮೊದಲು ಅನುಪಾತವನ್ನು 1:1ಕ್ಕೆ ಇಳಿಸಬೇಕು. ಆಗ ಬಸ್ 333 ಆದರೂ ರ‍್ಯಾಮ್ 333ರಲ್ಲೇ ಇರುತ್ತದೆ. ಜೊತೆಗೆ ಪಿಸಿಐ ಎಕ್ಸ್‌ಪ್ರೆಸ್ ಆವೃತ್ತಿಯನ್ನು 100ಕ್ಕೆ ಕಟ್ಟಿಹಾಕಬೇಕು. ವೋಲ್ಟೇಜನ್ನು ‘ಆಟೋ’ದಲ್ಲಿ ಬಿಟ್ಟರೆ ಕೆಲವು ಬೋರ್ಡುಗಳು ತಾವೇ ಅದನ್ನು ಏರಿಸುತ್ತವೆ, ಆದ್ದರಿಂದ ಅದನ್ನೂ ನಿಗದಿ ಮಾಡಬೇಕು. ಈ ಮೂರನ್ನೂ ನಾನು ಹಿಂದಿನ ರಾತ್ರಿಯೇ ಮನೆಯಲ್ಲಿ ಮಾಡಿಟ್ಟು ಬಂದಿದ್ದೆ. ತರಗತಿಯಲ್ಲಿ ಸಮಯ ಉಳಿಯಲಿ ಎಂಬುದು ಉದ್ದೇಶ. ಮಕ್ಕಳು ನೋಡಿದ್ದು ನಾಲ್ಕನೇ ಹೆಜ್ಜೆಯಿಂದ ಮಾತ್ರ.

ಅಂದು ಸಂಜೆ ಮಾರ್ಗದರ್ಶಕ ಶಿಕ್ಷಕರ ಜೊತೆ ಅವರ ಮನೆಗೆ ಹೋದೆ. ಹುಡುಗನ ತಾಯಿ ಕುರ್ಚಿ ಹಾಕಿ, “ಚೀಟಿ ದುಡ್ಡಲ್ಲಿ ತಗೊಂಡಿದ್ದು ಮಿಸ್. ಇವರಕ್ಕ ಅದರಲ್ಲೇ ಟ್ಯಾಲಿ ಕಲೀತಿದ್ಲು. ಕೇಳಿದ್ರೆ ಇವನು, ಸ್ಕೂಲಲ್ಲಿ ಹೇಳಿಕೊಟ್ರು ಅಂತಾನೆ” ಎಂದರು. ದೂರುವ ದನಿಯಲ್ಲಿ ಹೇಳಲಿಲ್ಲ. ಅವನು ಹೇಳಿದ್ದು ನಿಜ, ತಪ್ಪು ನನ್ನದು ಎಂದು ಒಪ್ಪಿಕೊಂಡೆ.

ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಉಳಿದ ವಿದ್ಯುತ್ ಖಾಲಿ ಮಾಡಿ, ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ತೆಗೆದು ಕೆಲವು ನಿಮಿಷ ಬಿಟ್ಟೆವು. ಬಯಾಸ್ ಮೂಲ ಮೌಲ್ಯಗಳಿಗೆ ಮರಳಿತು, ಪರದೆ ಬಂತು. ಕೆಲವು ಬೋರ್ಡುಗಳು ಇಂಥ ಸಂದರ್ಭದಲ್ಲಿ ತಾವೇ ಮರಳುತ್ತವೆ, ಅವರದು ಮರಳಿರಲಿಲ್ಲ. ಅವನು ವೋಲ್ಟೇಜ್ ಮುಟ್ಟದಿದ್ದುದರಿಂದ ಯಾವ ಭಾಗವೂ ಹಾಳಾಗಿರಲಿಲ್ಲ.

ಮರುಪಾಠ

ಮುಂದಿನ ವಾರ ಒಂದು ತರಗತಿ ಕೇಳಿ ಪಡೆದೆ. ಈ ಸಲ ಯಂತ್ರವನ್ನು ಮೂಲ ಸ್ಥಿತಿಯಲ್ಲೇ ತಂದೆ. ಮೊದಲ ಹತ್ತು ನಿಮಿಷ ವೇಗದ ಮಾತೇ ಇಲ್ಲ. ಹಿಂದಿರುಗುವ ದಾರಿಯನ್ನು ಮೊದಲು ಕಲಿಸಿದೆ: ಈಗಿರುವ ಎಲ್ಲ ಮೌಲ್ಯಗಳನ್ನು ಬರೆದುಕೊಳ್ಳುವುದು, ಬ್ಯಾಟರಿ ತೆಗೆದು ಮೂಲಸ್ಥಿತಿಗೆ ತರುವುದು. ನಂತರ ರ‍್ಯಾಮ್ ಅನುಪಾತ. ಆ ಹುಡುಗ ತಾನಾಗಿಯೇ ಎದ್ದುಬಂದು ಹಲಗೆಯ ಮೇಲೆ 300 × 3 ÷ 2 = 450 ಎಂದು ಬರೆದು, “ಇಲ್ಲೇ ನಮ್ದು ನಿಂತಿದ್ದು” ಎಂದ. ಇಡೀ ತರಗತಿಗೆ ಅದು ಅರ್ಥವಾಯಿತು. ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು, ಅದನ್ನು ನಂಬಿ ಬೇರೆಯವರ ಕೆಲಸ ನಡೆಯುತ್ತಿದ್ದರೆ, ಅವರನ್ನು ಕೇಳದೆ ಪ್ರಯೋಗ ಮಾಡಬಾರದು ಎಂಬುದನ್ನು ಮಕ್ಕಳೇ ನಿಯಮವಾಗಿ ಸೇರಿಸಿದರು.

ಮೌಲ್ಯಮಾಪನ ಪ್ರಶ್ನೆಗಳು

1. ಬಸ್ 320, ಅನುಪಾತ 2:3 ಆದರೆ ರ‍್ಯಾಮಿನ ಆವೃತ್ತಿ ಎಷ್ಟು? 400ರ ರ‍್ಯಾಮಿಗೆ ಇದು ಸುರಕ್ಷಿತವೇ?
2. ಆವೃತ್ತಿ ಬದಲಾಗದೆ ವೋಲ್ಟೇಜ್ ಮಾತ್ರ ಶೇ. 10 ಏರಿದರೆ ಶಾಖ ಎಷ್ಟು ಏರುತ್ತದೆ?
3. ಬಸ್ ಆವೃತ್ತಿ, ವೋಲ್ಟೇಜ್ ಎರಡನ್ನೂ ಒಟ್ಟಿಗೆ ಬದಲಿಸಿದಾಗ ಯಂತ್ರ ನಿಂತರೆ, ಕಾರಣ ಹುಡುಕುವುದು ಏಕೆ ಕಷ್ಟ?

ಅವಲೋಕನ

ಪ್ರಾತ್ಯಕ್ಷಿಕೆ ತರಗತಿಯಲ್ಲಿ ಕೆಡದಿರಲಿ ಎಂದು ನಾವು ಪ್ರಶಿಕ್ಷಣಾರ್ಥಿಗಳು ಹಿಂದಿನ ದಿನವೇ ಎಲ್ಲವನ್ನೂ ಸಿದ್ಧಮಾಡಿಡುತ್ತೇವೆ. ದ್ರಾವಣ ಬೆರೆಸಿಡುತ್ತೇವೆ, ಮಂಡಲ ಜೋಡಿಸಿಡುತ್ತೇವೆ. ಅದು ಬೇಕೇ ಬೇಕು. ಆದರೆ ಮಗು ಮನೆಯಲ್ಲಿ ಮಾಡಿನೋಡುವಾಗ ಆ ಸಿದ್ಧತೆ ಅದರ ಬಳಿ ಇರುವುದಿಲ್ಲ. ಈಗ ನನ್ನ ಪಾಠಯೋಜನೆಯಲ್ಲಿ ಒಂದು ಅಂಕಣ ಹೆಚ್ಚಾಗಿದೆ: ‘ತರಗತಿಗೆ ಮುನ್ನ ಶಿಕ್ಷಕರು ಮಾಡಿದ್ದು’. ಪಾಠ ಶುರುಮಾಡುವ ಮೊದಲು ಅದರಲ್ಲಿರುವುದನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಿಬಿಡುತ್ತೇನೆ. ಎರಡು ನಿಮಿಷ ಸಾಕು.