ತೆಗೆಯದ ಸಾಲದ ಕಂತು

2018ರ ಮಾರ್ಚ್ ತಿಂಗಳ ಒಂದು ಭಾನುವಾರ. ಮೂಡಿಗೆರೆ ಹತ್ತಿರದ ನಮ್ಮ ಐದು ಎಕರೆ ರೋಬಸ್ಟಾ ಕಾಫಿ ತೋಟದಲ್ಲಿ ಮೊಗ್ಗು ಬಲಿತು ನೀರಿಗೆ ಕಾದಿತ್ತು. ಸ್ಪ್ರಿಂಕ್ಲರ್ ಹಾಕಿಸಲು ಡೀಸೆಲ್, ಪಂಪಿನ ಬಾಡಿಗೆ, ಪೈಪು ಎಳೆಯುವವರ ಕೂಲಿ ಸೇರಿ 25 ಸಾವಿರ ಬೇಕು. ಕೈಯಲ್ಲಿದ್ದುದು ಆ ವಾರದ ಬಟವಾಡೆಗಷ್ಟೇ. ಬೆಳಗಾದರೆ ಬಳೆ ಅಡವಿಡುವುದೆಂದು ಹೆಂಡತಿಯೂ ನಾನೂ ನಿಶ್ಚಯಿಸಿದ್ದೆವು. ಸಂಜೆ ಐದಕ್ಕೆ ಗುಡುಗಿತು. ಮರುದಿನ ಮಳೆಮಾಪಕ ನೋಡಿದರೆ ಒಂದು ಇಂಚು ಇಪ್ಪತ್ತು ಸೆಂಟು! ಒಂಬತ್ತನೇ ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮನೆಯೊಳಗೂ ಹೂವಿನ ಘಮ. ಬಳೆ ಕೈಯಲ್ಲೇ ಉಳಿಯಿತು.

ಹೂಮಳೆ ಯಾರ ಜಾಣತನದಿಂದಲೂ ಬರುವುದಲ್ಲ. ತಡವಾದರೆ ಮೊಗ್ಗು ಒಣಗುತ್ತದೆ, ನಾಲ್ಕು ಹನಿಗೇ ನಿಂತರೆ ಹೂ ಅರೆಬರೆ ಅರಳುತ್ತದೆ. ಹೂವಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬಿದ್ದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಆ ವರ್ಷ ಎರಡೂ ನಮ್ಮ ತೋಟಕ್ಕೆ ಹೊತ್ತಿಗೆ ಸರಿಯಾಗಿ ಬಿದ್ದವು.

ಏಪ್ರಿಲ್‌ನಲ್ಲಿ ಮೆಣಸು ಮಾರಿ ಬಂದ ದಿನ ಹೆಂಡತಿ ಕೇಳಿದಳು: “ಬಳೆ ಅಡವಿಟ್ಟಿದ್ದರೆ ಈ ದುಡ್ಡಲ್ಲೇ ಬಿಡಿಸಬೇಕಿತ್ತಲ್ವಾ? ಹಾಗೇ ಅಂದ್ಕೊಂಡು ತೆಗೆದಿಡಿ.” ತೆಗೆಯದ ಸಾಲವನ್ನು ನಮಗೆ ನಾವೇ ತೀರಿಸಿ, 25 ಸಾವಿರವನ್ನು ಠೇವಣಿ ಇಟ್ಟೆವು. ಅದೃಷ್ಟದ ಬಗ್ಗೆ ನಾನು ಕಲಿತ ದೊಡ್ಡ ಪಾಠ ಇದು. ಕೈಗೆ ಬಂದ ಹಣ ಎಲ್ಲರಿಗೂ ಕಾಣುತ್ತದೆ. ಕೈಯಿಂದ ಹೋಗದೆ ಉಳಿದ ಹಣ ಕಾಣುವುದಿಲ್ಲ. ಅದನ್ನು ಬೇರೆ ಎತ್ತಿಡದಿದ್ದರೆ ಸಂತೆ, ಪೆಟ್ರೋಲು, ಮದುವೆ ಮುಯ್ಯಿಗಳಲ್ಲಿ ಗೊತ್ತಾಗದೆ ಕರಗುತ್ತದೆ.

ಕೈಗೆ ಬಂದ ಅದೃಷ್ಟವನ್ನು ನಮ್ಮಪ್ಪ ಕಂಡಿದ್ದರು. ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಕೊಟ್ಟು ಕಂತು ಕಂತಾಗಿ ಹಣ ಪಡೆಯುತ್ತಿದ್ದ ಪದ್ಧತಿ ಸಡಿಲಗೊಂಡು, ಬೆಳೆಗಾರ ತಾನೇ ಮಾರುವ ಕಾಲ ಬರುತ್ತಿತ್ತು. ಅದೇ ಹೊತ್ತಿಗೆ, 1994ರ ಜೂನ್ ಮತ್ತು ಜುಲೈನಲ್ಲಿ, ಬ್ರೆಜಿಲ್ಲಿನ ತೋಟಗಳ ಮೇಲೆ ಎರಡು ಸಲ ಹಿಮ ಬಿತ್ತು. ಎಲ್ಲಿಯದೋ ಚಳಿಗೆ ಇಲ್ಲಿ ಬೆಲೆ ಏರಿತು. ಅಪ್ಪ ಮೊದಲು ಸಾಲ ತೀರಿಸಿದರು, ಆಮೇಲೆ ಕಣಕ್ಕೆ ಸಿಮೆಂಟು ಹಾಕಿಸಿದರು. ಜೀಪಿನ ಆಸೆ ಅವರಿಗೂ ಇತ್ತು, ಕೊಳ್ಳಲಿಲ್ಲ. 2001ರ ಹೊತ್ತಿಗೆ ಬೆಲೆ ನೆಲ ಕಚ್ಚಿದಾಗ ನಮ್ಮ ತೋಟದ ಮೇಲೆ ಸಾಲವಿರಲಿಲ್ಲ. ಅದಕ್ಕೇ ಅದು ನಮಗೆ ಉಳಿಯಿತು.

ನಮ್ಮ ಠೇವಣಿಗೂ ಅಂಥ ದಿನ ಬಂತು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ, ಕಳಸ ಕಡೆ ಗುಡ್ಡಗಳು ಜರಿದವು, ಮನೆ ತೋಟ ಕಳೆದುಕೊಂಡವರಿದ್ದಾರೆ. ನಮ್ಮದು ಅಷ್ಟು ದೊಡ್ಡ ನಷ್ಟವಲ್ಲ. ಕೊಳೆರೋಗಕ್ಕೆ ಕಾಯಿ ಉದುರಿತು, ತೋಟದ ದಾರಿ ಕೊಚ್ಚಿಹೋಯಿತು. ದಾರಿ ಸರಿಮಾಡಿದವರ ಬಟವಾಡೆ ಆ ಠೇವಣಿಯಿಂದ ಆಯಿತು. ಹಿಂದಿನ ವರ್ಷದ ಹೂಮಳೆಯೇ ಆ ಆಗಸ್ಟಿನಲ್ಲಿ ನಮ್ಮ ಕೈ ಹಿಡಿಯಿತು.

ಈ ಮಾತು ತೋಟದವರಿಗೆ ಮಾತ್ರವಲ್ಲ. ರಿಪೇರಿಗೆಂದು ಇಟ್ಟ ಹಣ ಉಳಿಯಬಹುದು, ಆಸ್ಪತ್ರೆಯ ಬಿಲ್ಲು ಎಣಿಸಿದ್ದಕ್ಕಿಂತ ಕಡಿಮೆ ಬರಬಹುದು. ಆ ಹಣವನ್ನು ಅಂದೇ ಬೇರೆ ಖಾತೆಗೆ ಹಾಕಿ. ಸಾಲವಿದ್ದರೆ ಮೊದಲು ಸಾಲಕ್ಕೆ ಕಟ್ಟಿ. ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ, ಬಿದ್ದ ಮಳೆಗೆ ಕೆರೆ ಕಟ್ಟುವುದು ನಮ್ಮದೇ ಕೆಲಸ.