ಗುರಿ 3 ಇಂಚು, ಬಜೆಟ್ 250 ಡಾಲರ್: ರೈಫಲ್ ಸ್ಕೋಪ್ ಆರಿಸುವ ಲೆಕ್ಕ

ಅಮೆರಿಕದ ಸೌತ್ ಡಕೋಟ, ವಯೋಮಿಂಗ್, ಮೊಂಟಾನ ಕಡೆಯ ಹುಲ್ಲುಗಾವಲುಗಳಲ್ಲಿ ಪ್ರೇರಿ ಡಾಗ್ ಅನ್ನೋ ಪ್ರಾಣಿ ಇದೆ. ಹೆಸರಲ್ಲಿ ನಾಯಿ ಇದ್ದರೂ ಇದು ಅಳಿಲಿನ ಕುಟುಂಬದ್ದು. ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬದುಕುತ್ತೆ. ದನ ಸಾಕುವ ರೈತರಿಗೂ ಇದಕ್ಕೂ ಹುಲ್ಲಿನ ವಿಚಾರದಲ್ಲಿ ಹಳೇ ಜಗಳ. ಹೀಗೆ ಬೆಳೆಗೋ ಹುಲ್ಲಿಗೋ ತೊಂದರೆ ಕೊಡುವ ಪ್ರಾಣಿಗಳನ್ನು ಅಲ್ಲಿ ‘ವಾರ್ಮಿಂಟ್’ ಅಂತಾರೆ. ಅವುಗಳನ್ನು ದೂರದಿಂದ ರೈಫಲ್‌ನಲ್ಲಿ ಹೊಡೆಯೋದೇ ವಾರ್ಮಿಂಟ್ ಬೇಟೆ.

ಈ ಬೇಟೆ ಬೇಕಾ ಬೇಡವಾ ಅನ್ನೋ ಚರ್ಚೆ ಅಲ್ಲೂ ಇದೆ. ಆದರೆ ಹೊಡೆಯೋಕೆ ಹೊರಟವನ ಮೇಲೆ ಒಂದು ಹೊಣೆ ಅಂತೂ ಇದ್ದೇ ಇದೆ: ಒಂದೇ ಗುಂಡಿಗೆ ಪ್ರಾಣ ಹೋಗಬೇಕು. ಗುಂಡು ಅರೆಬರೆ ತಾಗಿದರೆ ಪ್ರಾಣಿ ಬಿಲದೊಳಗೆ ಸೇರಿ ಒದ್ದಾಡಿ ಸಾಯುತ್ತೆ, ಹಿಂದೆ ಹೋಗಿ ಅದರ ನೋವು ಮುಗಿಸೋಕೂ ಆಗಲ್ಲ. ಕಡಿಮೆ ದುಡ್ಡಿನಲ್ಲಿ ಸ್ಕೋಪ್ ಆರಿಸೋದು ಗಂಭೀರವಾದ ಲೆಕ್ಕ ಆಗೋದು ಇದಕ್ಕೇ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ತಡೆ ಹಾಕಿದೆ, ಹಾಗಾಗಿ ಇದು ಇಲ್ಲಿ ಮಾಡಿ ನೋಡುವ ವಿಷಯ ಅಲ್ಲ. ಎಂಎಸ್ ಓದೋಕೆ ಹೋಗುವವರಿಗೂ ಒಂದು ಮಾತು: ವೀಸಾ ಮೇಲೆ ಇರುವವರು ಬಂದೂಕು ಇಟ್ಟುಕೊಳ್ಳೋದನ್ನ ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತೆ, ಬೇಟೆ ಲೈಸೆನ್ಸ್ ಇರೋದು ಅದರ ಕೆಲವೇ ವಿನಾಯಿತಿಗಳಲ್ಲಿ ಒಂದು. ಹಾಗಾದ್ರೆ ನಮಗೇನು ಲಾಭ? ಸ್ಕೋಪ್ ಅಂದ್ರೆ ಸರ್ವೇ ಲ್ಯಾಬಿನ ಥಿಯೋಡೊಲೈಟ್‌ನ ಸೋದರಸಂಬಂಧಿ. ಅದೇ ಕ್ರಾಸ್‌ಹೇರ್, ಅದೇ ಪ್ಯಾರಲಾಕ್ಸ್, ಅದೇ ಲೀಸ್ಟ್ ಕೌಂಟ್. ಸೀಮಿತ ಬಜೆಟ್‌ನಲ್ಲಿ ಯಾವ ದೋಷ ಮೊದಲು ಕಡಿಮೆ ಮಾಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಮೊದಲು ಗುರಿಯ ಗಾತ್ರ

ಪ್ರೇರಿ ಡಾಗ್ ಎದ್ದು ನಿಂತಾಗ ಗುಂಡು ತಾಗಬೇಕಾದ ಜಾಗದ ಅಗಲ ಸುಮಾರು 3 ಇಂಚು, ಅಂದ್ರೆ 75 ಮಿ.ಮೀ. ಅಂತ ಇಟ್ಟುಕೊಳ್ಳೋಣ. ನಡುವಿಗೆ ಗುರಿ ಇಟ್ಟರೆ ಆಚೆಗೆ ಈಚೆಗೆ 38 ಮಿ.ಮೀ. ತಪ್ಪಿಗೆ ಅವಕಾಶ. ಇದು ನಮ್ಮ ಒಟ್ಟು ‘ದೋಷದ ಬಜೆಟ್’. ದೂರ 200 ಗಜ (183 ಮೀಟರ್).

ಇಲ್ಲಿ ಕೋನದ ಅಳತೆ ಎಂಒಎ, ಅಂದ್ರೆ ಮಿನಿಟ್ ಆಫ್ ಆ್ಯಂಗಲ್. ಒಂದು ಡಿಗ್ರಿಯ 60ನೇ ಒಂದು ಭಾಗ. 100 ಗಜದಲ್ಲಿ ಇದು 1.047 ಇಂಚು, 200 ಗಜದಲ್ಲಿ 53 ಮಿ.ಮೀ. ಒಳ್ಳೆ ರೈಫಲ್‌ನ ಗುಂಡುಗಳು 1 ಎಂಒಎ ವ್ಯಾಸದ ವೃತ್ತದೊಳಗೆ ಬೀಳುತ್ತವೆ ಅಂದುಕೊಂಡರೆ, ನಡುವಿನಿಂದ 27 ಮಿ.ಮೀ. ತನಕ ಚದುರಬಹುದು. 38ರಲ್ಲಿ 27 ಆಗಲೇ ಖರ್ಚಾಯ್ತು. ಉಳಿದಿದ್ದು ಬರೀ 11 ಮಿ.ಮೀ. ಸ್ಕೋಪ್, ಗಾಳಿ, ಕೈ ನಡುಕ ಎಲ್ಲವೂ ಇಷ್ಟರಲ್ಲೇ ಆಗಬೇಕು.

ಎಷ್ಟು ಜೂಮ್ ಬೇಕು?

ಅಗ್ಗದ ಸ್ಕೋಪ್‌ಗಳ ಡಬ್ಬಿ ಮೇಲೆ ದೊಡ್ಡದಾಗಿ ಕಾಣೋದು ಜೂಮ್ ಸಂಖ್ಯೆ. 4-12×40 ಅಂದ್ರೆ 4ರಿಂದ 12 ಪಟ್ಟು ವರ್ಧನೆ, ಮುಂದಿನ ಲೆನ್ಸ್‌ನ ವ್ಯಾಸ 40 ಮಿ.ಮೀ. 10 ಪಟ್ಟು ಇಟ್ಟರೆ 200 ಗಜದ ಪ್ರಾಣಿ 20 ಗಜದಲ್ಲಿ ನಿಂತ ಹಾಗೆ ಕಾಣುತ್ತೆ. ಗುರಿ ಇಡೋಕೆ ಅಷ್ಟು ಸಾಕು.

ಜೂಮ್ ಹೆಚ್ಚಿದಷ್ಟೂ ಮೂರು ಕಡೆ ನಷ್ಟ. ಒಂದು, ನೋಟದ ಅಗಲ ಕುಗ್ಗುತ್ತೆ. ಗುಂಡು ಎಲ್ಲಿ ಬಿತ್ತು ಅಂತ ನೋಡೋಕಾಗಲ್ಲ. ಎರಡು, ಬಿಸಿಲಿಗೆ ನೆಲದಿಂದ ಏಳುವ ಬಿಸಿಗಾಳಿಯ ಅಲೆಯೂ ಜೊತೆಗೇ ದೊಡ್ಡದಾಗಿ ಕಾಣುತ್ತೆ, ಚಿತ್ರ ನೀರಿನಲ್ಲಿ ಇಟ್ಟಂತೆ ಕುಣಿಯುತ್ತೆ. ಮೂರು, ಎಕ್ಸಿಟ್ ಪ್ಯೂಪಿಲ್ ಚಿಕ್ಕದಾಗುತ್ತೆ. ಇದು ಹಿಂದಿನ ತುದಿಯಿಂದ ಹೊರಬರುವ ಬೆಳಕಿನ ಕಂಬದ ವ್ಯಾಸ: ಲೆನ್ಸ್ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಸಿಗುತ್ತೆ. 40 ಭಾಗಿಸು 10 ಅಂದ್ರೆ 4 ಮಿ.ಮೀ. ಅದೇ 40ನ್ನು 24 ಪಟ್ಟಿಗೆ ಏರಿಸಿದರೆ 1.7 ಮಿ.ಮೀ. ಕಣ್ಣು ಸ್ವಲ್ಪ ಅಲುಗಿದರೂ ಚಿತ್ರ ಕಪ್ಪಾಗುತ್ತೆ.

ಹಾಗಾಗಿ ಈ ಕೆಲಸಕ್ಕೆ 4-12 ಅಥವಾ 6-18 ಸಾಕು. ಅದೇ ಬೆಲೆಗೆ 8-32 ಸಿಗ್ತಿದೆ ಅಂದ್ರೆ ತಯಾರಕರು ಬೇರೆಲ್ಲೋ ಉಳಿಸಿದ್ದಾರೆ ಅಂತಲೇ ಅರ್ಥ.

ಉಳಿಸೋದು ಎಲ್ಲಿ?

ಸಾಮಾನ್ಯವಾಗಿ ಲೇಪನದಲ್ಲಿ. ಲೇಪನ ಇಲ್ಲದ ಗಾಜಿನ ಪ್ರತಿ ಮೇಲ್ಮೈ ಸುಮಾರು 4% ಬೆಳಕನ್ನು ಹಿಂದಕ್ಕೆ ಕಳಿಸುತ್ತೆ. ಸ್ಕೋಪ್ ಒಳಗೆ 10 ಲೆನ್ಸ್ ಇದ್ದರೆ 20 ಮೇಲ್ಮೈ. 0.96ರ 20ನೇ ಘಾತ ಲೆಕ್ಕ ಹಾಕಿ: 0.44. ಅರ್ಧಕ್ಕಿಂತ ಹೆಚ್ಚು ಬೆಳಕು ಹೋಯ್ತು. ಒಳ್ಳೆ ಲೇಪನದಿಂದ ನಷ್ಟವನ್ನು ಮೇಲ್ಮೈಗೆ 0.5%ಗೆ ಇಳಿಸಿದರೆ 0.90 ಬರುತ್ತೆ. ಜೊತೆಗೆ ಒಳಗೆ ಅಡ್ಡಾದಿಡ್ಡಿ ಓಡಾಡುವ ಬೆಳಕೂ ಕಡಿಮೆಯಾಗಿ ಚಿತ್ರ ಸ್ಪಷ್ಟ ಆಗುತ್ತೆ. ಡಬ್ಬಿ ಮೇಲೆ ‘ಫುಲ್ಲಿ ಮಲ್ಟಿ-ಕೋಟೆಡ್’ ಅಂತಿದೆಯಾ ನೋಡಿ. ಬರೀ ‘ಕೋಟೆಡ್’ ಅಂದ್ರೆ ಒಂದೆರಡು ಮೇಲ್ಮೈಗೆ ಮಾತ್ರ ಬಳಿದಿರಬಹುದು.

ಇನ್ನೊಂದು ತಪ್ಪು ತಿಳಿವಳಿಕೆ: 30 ಮಿ.ಮೀ. ಕೊಳವೆ 1 ಇಂಚಿನದಕ್ಕಿಂತ ಹೆಚ್ಚು ಬೆಳಕು ತರುತ್ತೆ ಅನ್ನೋದು. ದಪ್ಪ ಕೊಳವೆಯ ಮುಖ್ಯ ಲಾಭ, ಕ್ರಾಸ್‌ಹೇರ್ ಸರಿಸೋಕೆ ಒಳಗೆ ಹೆಚ್ಚು ಜಾಗ. 200 ಗಜಕ್ಕೆ 1 ಇಂಚಿನದೇ ಧಾರಾಳ.

ಪ್ಯಾರಲಾಕ್ಸ್: ನಿಜವಾದ ಖಳನಾಯಕ

ಸಿವಿಲ್‌ನವರಿಗೆ ಗೊತ್ತು: ಥಿಯೋಡೊಲೈಟ್‌ನಲ್ಲಿ ಸ್ಟಾಫ್‌ನ ಬಿಂಬ ಕ್ರಾಸ್‌ಹೇರ್ ಇರುವ ಸಮತಲದಲ್ಲೇ ಬೀಳದಿದ್ದರೆ, ಕಣ್ಣು ಸರಿದಂತೆ ಕ್ರಾಸ್‌ಹೇರ್ ಕೂಡ ಸರಿದಂತೆ ಕಾಣುತ್ತೆ. ಸ್ಕೋಪ್‌ನಲ್ಲೂ ಇದೇ ಕಥೆ. ಪ್ಯಾರಲಾಕ್ಸ್ ಹೊಂದಾಣಿಕೆ ಇಲ್ಲದ ಸ್ಕೋಪ್‌ಗಳನ್ನು ಕಾರ್ಖಾನೆಯಲ್ಲೇ ಒಂದು ದೂರಕ್ಕೆ ಕಟ್ಟಿಟ್ಟಿರುತ್ತಾರೆ: ಸಣ್ಣ .22 ರಿಮ್‌ಫೈರ್ ಬಂದೂಕಿನದಾದರೆ ಸಾಮಾನ್ಯವಾಗಿ 50 ಗಜ, ದೊಡ್ಡ ರೈಫಲ್‌ನದಾದರೆ 100 ಗಜ ಅಥವಾ ಇನ್ನೂ ಸ್ವಲ್ಪ ಹೆಚ್ಚು.

ಗರಿಷ್ಠ ದೋಷ ಸರಳ ಸದೃಶ ತ್ರಿಭುಜದ ಲೆಕ್ಕ: ಲೆನ್ಸ್ ವ್ಯಾಸದ ಅರ್ಧ, ಗುಣಿಸು (ಗುರಿಯ ದೂರ ಕಳೆ ಕಟ್ಟಿಟ್ಟ ದೂರ), ಭಾಗಿಸು ಕಟ್ಟಿಟ್ಟ ದೂರ. 40 ಮಿ.ಮೀ. ಲೆನ್ಸ್, 100 ಗಜಕ್ಕೆ ಕಟ್ಟಿದ್ದು, ಗುರಿ 200 ಗಜ: 20 × 100 / 100 = 20 ಮಿ.ಮೀ. ನಮ್ಮ ಹತ್ರ ಉಳಿದಿದ್ದು 11 ಮಾತ್ರ! ಅಗ್ಗ ಅಂತ 50 ಗಜದ ರಿಮ್‌ಫೈರ್ ಸ್ಕೋಪ್ ತಂದು .223 ರೈಫಲ್‌ಗೆ ಕೂರಿಸಿದರೆ? 20 × 150 / 50 = 60 ಮಿ.ಮೀ. ಅದೊಂದೇ ದೋಷ ಪೂರ್ತಿ ಬಜೆಟ್ ನುಂಗಿ ಇನ್ನೂ ಸಾಲ ಕೇಳುತ್ತೆ.

ಇದು ಗರಿಷ್ಠ, ಕಣ್ಣನ್ನು ನೇರ ನಡುವಿಗೆ ಇಟ್ಟರೆ ಸೊನ್ನೆ. ಆದರೆ ಹುಲ್ಲಿನ ಮೇಲೆ ಮಲಗಿ ಪ್ರತಿ ಸಲ ಕೆನ್ನೆ ಒಂದೇ ಜಾಗಕ್ಕೆ ಬರೋದು ಅಪರೂಪ. ಆದ್ದರಿಂದ ಮುಂದಿನ ಲೆನ್ಸ್‌ನ ಸುತ್ತ ಉಂಗುರವೋ, ಪಕ್ಕದಲ್ಲಿ ತಿರುಗಣೆಯೋ ಇರುವ, ಪ್ಯಾರಲಾಕ್ಸ್ ಹೊಂದಿಸಬಲ್ಲ ಸ್ಕೋಪ್‌ಗೆ ಮೊದಲು ದುಡ್ಡು ಹಾಕಿ. ಉಂಗುರದ್ದು ಸಾಮಾನ್ಯವಾಗಿ ಅಗ್ಗ.

ಕ್ಲಿಕ್ ನಂಬಬಹುದಾ?

ಟರೆಟ್ ತಿರುಗಿಸಿದಾಗ ಬರುವ ಒಂದೊಂದು ಕ್ಲಿಕ್ ಹೆಚ್ಚಿನ ಸ್ಕೋಪ್‌ಗಳಲ್ಲಿ ಕಾಲು ಎಂಒಎ. ಇದೇ ನಮ್ಮ ಲೀಸ್ಟ್ ಕೌಂಟ್. 200 ಗಜದಲ್ಲಿ ಸುಮಾರು 13 ಮಿ.ಮೀ. ಪರೀಕ್ಷೆ ಹೀಗೆ: 100 ಗಜದಲ್ಲಿ ಎತ್ತರದ ಕಾಗದ ಕಟ್ಟಿ, ಗುರಿಯ ಬಿಂದು ಬದಲಿಸದೆ 80 ಕ್ಲಿಕ್ ಮೇಲಕ್ಕೆ ಏರಿಸಿ ಹೊಡೆಯೋದು. ಗುಂಡು 53 ಸೆಂ.ಮೀ. ಮೇಲೆ ಬೀಳಬೇಕು. ಪ್ರತಿ ಸಲವೂ 50 ಸೆಂ.ಮೀ. ಬಂದರೆ ಅದು ಸಿಸ್ಟಮ್ಯಾಟಿಕ್ ದೋಷ, ಗುಣಕ ಹಾಕಿ ಸರಿಮಾಡಬಹುದು. ಒಮ್ಮೆ 50, ಒಮ್ಮೆ 55, ವಾಪಸ್ 80 ಇಳಿಸಿದರೂ ಮೊದಲಿನ ಜಾಗಕ್ಕೆ ಬರದಿದ್ದರೆ? ಆ ಸ್ಕೋಪ್ ವಾಪಸ್ ಕೊಡಿ. ರ‍್ಯಾಂಡಮ್ ದೋಷಕ್ಕೆ ಯಾವ ಸೂತ್ರವೂ ಇಲ್ಲ.

ಅದಕ್ಕೇ ವಾರಂಟಿಯೂ ಸ್ಪೆಕ್‌ನ ಭಾಗ. ಲ್ಯೂಪೋಲ್ಡ್, ವೋರ್ಟೆಕ್ಸ್ ಥರದ ಕಂಪನಿಗಳು ಸ್ಕೋಪ್‌ಗೆ ಜೀವಮಾನದ ಭರವಸೆ ಕೊಡುತ್ತವೆ. ಇನ್ನೊಂದು ಖರ್ಚು ಮರೆಯಬೇಡಿ: ಸ್ಕೋಪ್ ಹಿಡಿಯುವ ಬೇಸ್ ಮತ್ತು ರಿಂಗ್. ಅವು ಸಡಿಲ ಇದ್ದರೆ ಮೇಲಿನ ಯಾವ ಲೆಕ್ಕವೂ ನಿಲ್ಲಲ್ಲ. ತಯಾರಕರು ಹೇಳಿದ ಟಾರ್ಕ್‌ನಷ್ಟೇ, ಟಾರ್ಕ್ ಡ್ರೈವರ್‌ನಲ್ಲೇ ಬಿಗಿಯಬೇಕು. 250 ಡಾಲರ್ ಇದ್ದರೆ 200 ಸ್ಕೋಪ್‌ಗೆ, 50 ಇದಕ್ಕೆ.

ಕೂಡಿಸಿ ನೋಡೋಣ

ಖರ್ಚಿನ ಆದ್ಯತೆ ಹೀಗೆ: ಮೊದಲು ಪ್ಯಾರಲಾಕ್ಸ್ ಹೊಂದಾಣಿಕೆ, ಆಮೇಲೆ ನಂಬಬಹುದಾದ ಕ್ಲಿಕ್, ಆಮೇಲೆ ಪೂರ್ಣ ಲೇಪನ, ಕೊನೆಗೆ ಜೂಮ್. ಡಬ್ಬಿ ಮೇಲಿನ ಜಾಹೀರಾತಿನ ಕ್ರಮಕ್ಕೆ ಇದು ಹೆಚ್ಚುಕಮ್ಮಿ ಉಲ್ಟಾ.

ಇಷ್ಟೆಲ್ಲ ಆದ ಮೇಲೂ ಸ್ಕೋಪ್ ಕೈಲಿ ಆಗದ ಕೆಲಸ ಇದೆ. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿ, .223ರ 55 ಗ್ರೇನ್ ಗುಂಡನ್ನು 200 ಗಜದಲ್ಲಿ 3 ಇಂಚಿಗೂ ಹೆಚ್ಚು ಸರಿಸಬಲ್ಲದು. 300 ಗಜಕ್ಕೆ ಹೋದರೆ ನಮ್ಮ 1 ಎಂಒಎ ರೈಫಲ್ ಒಂದೇ 40 ಮಿ.ಮೀ. ಚದುರಿಸುತ್ತೆ, ಸ್ಕೋಪ್ ಎಷ್ಟೇ ದುಬಾರಿ ಆಗಿದ್ದರೂ 38ರ ಬಜೆಟ್ ಮುಗಿದಿದೆ. ಅಲ್ಲಿ ಟ್ರಿಗರ್ ಒತ್ತದೆ ಬಿಡೋದೇ ಸರಿಯಾದ ಉತ್ತರ.

ಕಾಣುತ್ತಿರೋದು ಏನು ಅಂತ ಗೊತ್ತಿರಬೇಕಾದ್ದೂ ಅಷ್ಟೇ ಮುಖ್ಯ. ಪ್ರೇರಿ ಡಾಗ್‌ನ ಬಿಲಗಳಲ್ಲೇ ಬಿಲಗೂಬೆ ವಾಸ ಮಾಡುತ್ತೆ, ಬಿಲದ ಬಾಯಲ್ಲಿ ನೆಟ್ಟಗೆ ನಿಲ್ಲುತ್ತೆ. ನಾಶವಾಯ್ತು ಅಂದುಕೊಂಡಿದ್ದು 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಬಳಿ ಮತ್ತೆ ಸಿಕ್ಕ ಕಪ್ಪುಪಾದದ ಫೆರೆಟ್‌ಗೆ ಪ್ರೇರಿ ಡಾಗ್ ಮುಖ್ಯ ಆಹಾರ. ಯೂಟಾದ ಪ್ರೇರಿ ಡಾಗ್ ಜಾತಿಗೆ ಫೆಡರಲ್ ರಕ್ಷಣೆ ಇದೆ. ಗುರುತು ಹಿಡಿಯೋಕೆ ಬೈನಾಕ್ಯುಲರ್ ಬಳಸಬೇಕು. ಸ್ಕೋಪ್ ತಿರುಗಿಸಿ ನೋಡೋದು ಅಂದ್ರೆ ತುಂಬಿದ ಬಂದೂಕನ್ನೇ ತಿರುಗಿಸಿದ ಹಾಗೆ.

ಮುಂದಿನ ಸಲ ಲ್ಯಾಬ್‌ನಲ್ಲಿ ‘ಪ್ಯಾರಲಾಕ್ಸ್ ತೆಗೆಯಿರಿ’ ಅಂದಾಗ ಮೇಲಿನ ಸೂತ್ರಕ್ಕೆ ನಿಮ್ಮ ಥಿಯೋಡೊಲೈಟ್‌ನ ಲೆನ್ಸ್ ವ್ಯಾಸ ಹಾಕಿ ನೋಡಿ. ಫೋಕಸ್ 20 ಮೀಟರ್‌ಗೆ ಬಿಟ್ಟು 60 ಮೀಟರ್‌ನ ಸ್ಟಾಫ್ ಓದಿದರೆ ಎಷ್ಟು ಮಿ.ಮೀ. ತಪ್ಪಬಹುದು?