ಸಾಮೂಹಿಕ ದಾವೆ: ಒಬ್ಬರ ದೂರು, ಹಲವರ ಹಕ್ಕು

ಯರಗಟ್ಟಿ ಸುತ್ತಿನ ನೂರು ರೈತರು ಒಂದೇ ಲಾಟಿನ ಗೋವಿನಜೋಳದ ಬೀಜ ಬಿತ್ತಿದರು, ಮೊಳಕೆ ಬರಲಿಲ್ಲ ಎನ್ನೋಣ. ಒಬ್ಬೊಬ್ಬರೇ ಬೆಳಗಾವಿಗೆ ಅಲೆದರೆ ಬಸ್ ಚಾರ್ಜು, ವಕೀಲರ ಫೀಸೇ ಪರಿಹಾರವನ್ನು ನುಂಗೀತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 35(1)(ಸಿ) ಪ್ರಕಾರ, ಗ್ರಾಹಕ ಆಯೋಗದ ಅನುಮತಿ ಪಡೆದು ಒಬ್ಬರು ಅಥವಾ ಕೆಲವರು ಸಮಾನ ಹಿತಾಸಕ್ತಿಯುಳ್ಳ ಎಲ್ಲರ ಪರವಾಗಿ ದೂರು ಕೊಡಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಇದೇ ದಾರಿ ಸಿವಿಲ್ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 1, ನಿಯಮ 8ರಲ್ಲಿದೆ. ಕಂಪನಿ ಷೇರುದಾರರಿಗೆ 2013ರ ಕಂಪನಿ ಕಾಯ್ದೆಯ ಕಲಂ 245ರಲ್ಲಿದೆ.

ಇಲ್ಲಿ ಎಡವಿಸುವುದು ಈ ‘ಸಮಾನ ಹಿತಾಸಕ್ತಿ’ಯ ಷರತ್ತು. ಬೆಂಗಳೂರಿನ ಬ್ರಿಗೇಡ್ ಲೇಕ್‌ಫ್ರಂಟ್ ಪ್ರಕರಣದಲ್ಲಿ (2021) 1,134 ಫ್ಲ್ಯಾಟುಗಳ ಪೈಕಿ 51ರ ಖರೀದಿದಾರರು ಎಲ್ಲರ ಪರ ದೂರಿದ್ದರು. ಹಿತಾಸಕ್ತಿಯ ಸಮಾನತೆ ಸ್ಥಾಪಿತವಾಗಿಲ್ಲವೆಂದ ಸುಪ್ರೀಂ ಕೋರ್ಟ್, ದೂರನ್ನು ಹೊರಗೆಸೆಯದೆ, ದೂರುದಾರರಷ್ಟೇ ಸೇರಿ ಕೊಟ್ಟ ಜಂಟಿ ದೂರಾಗಿ ಮುಂದುವರಿಸಲು ಬಿಟ್ಟಿತು.